ಬಲ 26, ಎಡ 26

ಮಾರ್ಚ್ 4, ಮಂಗಳವಾರ

ಎರಡು ಮೇಲ್ದವಡೆ, ಒಂದು ಕೆಳದವಡೆ ಮುಗಿಸಿದೆ. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಫ್ಯಾನ್ ಕೆಟ್ಟಿದೆ, ಮೂಗಿನ ತುಂಬ ಮೇಣದ ವಾಸನೆ. ಕಟ್ಟುವ ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಬಾಯಿ ಒಪ್ಪುವುದಿಲ್ಲ. ಹನ್ನೊಂದು ವರ್ಷ ಇದೇ ಕೆಲಸ ಮಾಡಿ ಕಂಡದ್ದನ್ನೆಲ್ಲ ಅಳೆಯುವ ಚಟ ಅಂಟಿದೆ.

ಮಧ್ಯಾಹ್ನ ಸ್ಪ್ಯಾನರ್ ಅಣ್ಣನ ಫೋನ್. ನನ್ನ ಹಳೇ ಕಾರಿಗೆ ವೈದ್ಯ ಅವನೇ.

"ಹಲ್ಲಿನ ಮೇಡಂ, ನಿಮ್ಮ ಟೈರ್ ಬಂತು. ಎರಡೂ. ಉಗುರು ಒತ್ತಿದ್ರೆ ಗುರುತು ಬೀಳುತ್ತೆ, ಅಷ್ಟು ಮೆತ್ತಗೆ!"

ನೇರ ದಾರಿಯಲ್ಲಿ ಓಡುವ ಡ್ರ್ಯಾಗ್ ರೇಸಿನ ಟೈರು. ಹೋದ ವರ್ಷ ಊರಾಚೆಯ ಹಳೇ ಏರ್‌ಸ್ಟ್ರಿಪ್‌ನಲ್ಲಿ ಕಾರು ನಾನೂರು ಮೀಟರ್ ಓಡಲು 16.4 ಸೆಕೆಂಡ್ ತೆಗೆದುಕೊಂಡಿತ್ತು. ಹೊರಡುವಾಗ ಹಿಂದಿನ ಚಕ್ರ ನಿಂತಲ್ಲೇ ತಿರುಗಿ ಬರೀ ಹೊಗೆ. "ಎಂಜಿನ್‌ಗೆ ಕಸುವಿದೆ ಮೇಡಂ, ಕಾಲಿಗೆ ಚಪ್ಪಲಿ ಇಲ್ಲ" ಅಂದಿದ್ದ ಅಣ್ಣ. ಚಪ್ಪಲಿ ತರಿಸೋಣ ಅನ್ನುವಷ್ಟರಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯಿತು. ಆಮೇಲೆ ಟೈರು ಯಾರಿಗೆ ನೆನಪು?

ಈಗ ತರಿಸಿದ್ದೇನೆ. ಈ ಮನೆಯಲ್ಲಿ ಒಂದಾದರೂ ಮುಂದಕ್ಕೆ ಓಡಲಿ.

ಸಂಜೆ ಫಿಸಿಯೋ ಹುಡುಗಿ ಬಂದಿದ್ದಳು. ಅಪ್ಪನಿಗೆ ಒತ್ತಲು ಕೊಟ್ಟ ಹಳದಿ ಚೆಂಡು ಮಂಚದ ಕೆಳಗೆ ಧೂಳು ತಿನ್ನುತ್ತಿತ್ತು. ಸ್ಟ್ರೋಕ್ ಆಗಿ ಎಂಟು ತಿಂಗಳಾಯಿತು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು, "ಮೊದಲನೇ ವರ್ಷ ಮುಖ್ಯ ಅಕ್ಕ. ಇನ್ನು ನಾಲ್ಕು ತಿಂಗಳಿದೆ. ಕೈ ಬರುತ್ತೆ. ಆದ್ರೆ ಬರ್ಲಿ ಅಂತ ಅವರಿಗೇ ಅನಿಸ್ಬೇಕಲ್ಲ."

ಅಪ್ಪ ಬಸ್ ಡಿಪೋದ ಟೈರ್ ಸೆಕ್ಷನ್‌ನಲ್ಲಿ ಮೂವತ್ತೊಂದು ವರ್ಷ ಇದ್ದವನು. ಸಣ್ಣ ಸುತ್ತಿಗೆಯಿಂದ ಒಂದೇಟು ಹೊಡೆದು, ಸದ್ದು ಕೇಳಿಯೇ ಗಾಳಿ ಎಷ್ಟಿದೆ ಅಂತ ಹೇಳುತ್ತಿದ್ದ. ರಿಜಿಸ್ಟರಿನಲ್ಲಿ ಮುತ್ತು ಪೋಣಿಸಿದಂಥ ಅಕ್ಷರ. ಆಸ್ಪತ್ರೆಯಿಂದ ಬಿಡುವ ದಿನ ಕಾಗದಕ್ಕೆ ಸಹಿ ಹಾಕಲು ಹೋದ. ಪೆನ್ನು ನಿಲ್ಲಲಿಲ್ಲ. ಗುಮಾಸ್ತ ಇಂಕ್ ಪ್ಯಾಡ್ ಮುಂದಿಟ್ಟ. ಹೆಬ್ಬೆಟ್ಟು ಒತ್ತಿದ. ಅವತ್ತಿನಿಂದ ಬಲಗೈ ಹೊದಿಕೆಯ ಒಳಗೇ ಇದೆ. ಮಾತು ತೊದಲುತ್ತದೆ ಅಂತ ಬಾಯಿಯನ್ನೂ ಮುಚ್ಚಿಕೊಂಡಿದ್ದಾನೆ.


ಮಾರ್ಚ್ 8, ಶನಿವಾರ

ಹಾಕಿಸಿದೆ!! ಹಿಂದೆ ಇವೆರಡು, ಮುಂದೆ ಮಾಮೂಲಿನವೇ. ಕಾರಿಗೆ ಯಾರೋ ದೊಡ್ಡವರ ಬೂಟು ತೊಡಿಸಿದ ಹಾಗಿದೆ.

ಸುಲಭದಲ್ಲಿ ಮುಗಿಯಲಿಲ್ಲ. ಅಗಲ ಜಾಸ್ತಿ, ಮಡ್‌ಗಾರ್ಡಿನ ಅಂಚಿಗೆ ತಾಗುತ್ತಿತ್ತು. ಅಣ್ಣ ಗುಂಡನೆಯ ಮರದ ತುಂಡಿಗೆ ಬಟ್ಟೆ ಸುತ್ತಿ, ಟೈರಿಗೂ ಅಂಚಿಗೂ ನಡುವೆ ಇಟ್ಟು, "ಮೆಲ್ಲಗೆ ಮುಂದಕ್ಕೆ ಬಿಡಿ... ಇನ್ನೂ ಮೆಲ್ಲಗೆ... ಇದೇನು ಹಲ್ಲು ಕೀಳ್ತಿದೀರಾ?" ಅನ್ನುತ್ತ ತಗಡನ್ನು ಒಳಕ್ಕೆ ಮಡಚಿದ. ಪೇಂಟ್ ಒಂದು ಕಡೆ ಚಕ್ಕೆ ಎದ್ದಿತು.

ಅಣ್ಣನ ಕಟ್ಟಪ್ಪಣೆ: ರಸ್ತೆಯಲ್ಲಿ ಗಾಳಿ 26. ರೇಸಿಗೆ 18, ಹೆಚ್ಚೆಂದರೆ 20. ತಣ್ಣಗಿರುವಾಗಲೇ ಅಳೆಯಬೇಕು. ಮಳೆ ಬಂದರೆ ಕಾರು ಶೆಡ್ಡಿನಲ್ಲೇ, ನಾನು ಬಸ್ಸಿನಲ್ಲಿ. ಹೊಸದಾಗಿ ಕೂರಿಸಿದ್ದರಿಂದ ಅಂಚಿನಲ್ಲಿ ಗಾಳಿ ಸೋರಬಹುದು, ದಿನಾ ಬೆಳಿಗ್ಗೆ ಅಳೆದು ಬರೆಯಬೇಕು. ಇಲ್ಲೇ ಬರೆಯುತ್ತೇನೆ.

ಅತ್ತೆ ಬಾಗಿಲಿಗೆ ಬಂದು ನೋಡಿದರು. ಅಪ್ಪನ ಅಕ್ಕ, ಮನೆಯ ಹೈಕೋರ್ಟು. "ದುಡಿಯೋ ಹೆಂಗಸು ಬಂಗಾರದ ಬಳೆ ಮಾಡಿಸ್ಕೊಳ್ತಾಳೆ. ನೀನು ರಬ್ಬರ್ ಬಳೆ ತಂದಿದೀಯ."


ಮಾರ್ಚ್ 10, ಸೋಮವಾರ
ಬಲ 26, ಎಡ 26

ಈ ಟೈರಿನ ಜೊತೆ ಬಾಳುವುದು ಅಂದರೆ:

ಬೆಳಗಿನ ಮೊದಲ ಅರ್ಧ ಕಿಲೋಮೀಟರ್ ಧಡ್ ಧಡ್ ಧಡ್. ಇಡೀ ರಾತ್ರಿ ನಿಂತಲ್ಲೇ ಚಪ್ಪಟೆಯಾಗಿರುತ್ತದಂತೆ. ಬಿಸಿಯಾದ ಮೇಲೆ ದುಂಡಗಾಗುತ್ತದೆ. ನನ್ನ ಸೊಂಟದ ಹಾಗೇ.

ಅರವತ್ತು ದಾಟಿದರೆ ಹಿಂಭಾಗ ತೊನೆಯುತ್ತದೆ. ರಸ್ತೆಯ ಜಲ್ಲಿಯೆಲ್ಲ ಅಂಟಿಕೊಂಡು ಮಡ್‌ಗಾರ್ಡಿನ ಒಳಗೆ ಚಟ್ ಚಟಚಟ್. ಸಿಗ್ನಲ್‌ನಲ್ಲಿ ಪಕ್ಕದ ಸ್ಕೂಟರಿನವನು "ಮೇಡಂ, ಹಿಂದೆ ಪಂಕ್ಚರ್!" ಅಂದ. ಪಂಕ್ಚರ್ ಅಲ್ಲಪ್ಪ, ಇದರ ಮೈಕಟ್ಟೇ ಹೀಗೆ. ಪಕ್ಕದ ಗೋಡೆ ತೆಳು, ಗಾಳಿ ಸರಿಯಿದ್ದರೂ ಹೊಟ್ಟೆ ಬಿಟ್ಟುಕೊಂಡು ಕೂರುತ್ತದೆ.

ಸಂಜೆ ಟೈರಿನಿಂದ ಸಿಕ್ಕ ಸಂಪತ್ತು: ಹನ್ನೆರಡು ಕಲ್ಲು, ಒಂದು ಶರ್ಟಿನ ಗುಂಡಿ, ಅತ್ತೆಯ ಕಳೆದುಹೋಗಿದ್ದ ಹೇರ್‌ಪಿನ್.


ಮಾರ್ಚ್ 12, ಬುಧವಾರ
ಬಲ 26, ಎಡ 26

ಮಳೆ. ಬಸ್. ನಿಂತೇ ಬಂದೆ.

ಅಪ್ಪ ಇವತ್ತೂ ಗೋಡೆಯ ಕಡೆ ಮುಖ.


ಮಾರ್ಚ್ 17, ಸೋಮವಾರ
ಬಲ 27, ಎಡ 26

ಬಲಗಡೆ ಒಂದು ಪಾಯಿಂಟ್ ಜಾಸ್ತಿ. ನಿನ್ನೆ ಬಿಸಿಲಿತ್ತು, ಅದಕ್ಕಿರಬೇಕು. ಇಳಿಸಿ 26 ಮಾಡಿದೆ.


ಮಾರ್ಚ್ 19, ಬುಧವಾರ
ಬಲ 28, ಎಡ 26

ಇದೇನು ಕಥೆ? ಅಣ್ಣನಿಗೆ ಫೋನ್ ಮಾಡಿದೆ. ನಕ್ಕ.

"ಮೇಡಂ, ಟೈರ್ ಗಾಳಿ ಕಳ್ಕೊಳುತ್ತೆ. ಗಳಿಸಲ್ಲ. ನಿಮ್ಮ ಮೀಟರ್ ಕೆಟ್ಟಿದೆ."

ಹೊಸ ಮೀಟರ್ ತಂದೆ. ಅದೂ 28 ಅಂತು. ಮೀಟರಿಗೆ ಮೀಟರ್ ಸಾಕ್ಷಿ. ಅಳತೆಯಲ್ಲಿ ನಾನು ತಪ್ಪುವವಳಲ್ಲ. ಅಣ್ಣ ನಂಬಲಿಲ್ಲ ಅಂತ ಸಿಟ್ಟು ಬಂತು.


ಮಾರ್ಚ್ 23, ಭಾನುವಾರ

ಬಂದವಳೇ ಪುಸ್ತಕ ತೆಗೆದೆ. ಬರೆದರೆ ಸಿಟ್ಟು ಇಳಿದೀತು.

ಏರ್‌ಸ್ಟ್ರಿಪ್‌ನಲ್ಲಿ ಪ್ರಾಕ್ಟೀಸ್. ನಮ್ಮ ಮನೆಯಿಂದ ಎರಡೇ ಕಿಲೋಮೀಟರ್, ಹಾಗಾಗಿ ನಿನ್ನೆ ಸಂಜೆಯೇ ಎರಡೂ 20ಕ್ಕೆ ಇಳಿಸಿಟ್ಟಿದ್ದೆ. ಬೆಳಿಗ್ಗೆ ಅಳೆಯಲಿಲ್ಲ. ರಾತ್ರಿಯಲ್ಲಿ ಯಾರು ತುಂಬುತ್ತಾರೆ ಅಂದುಕೊಂಡೆ.

ನೀರು ಚೆಲ್ಲಿದ ಜಾಗದಲ್ಲಿ ಚಕ್ರ ತಿರುಗಿಸಿ ಬಿಸಿ ಮಾಡಿದೆ. ಹೊಗೆ, ಸುಟ್ಟ ರಬ್ಬರಿನ ವಾಸನೆ. ಹಸಿರು ದೀಪ. ಕ್ಲಚ್ ಬಿಟ್ಟೆ. ಎಡ ಚಕ್ರ ಕಚ್ಚಿತು, ಬಲ ಚಕ್ರ ಜಾರಿತು. ಕಾರಿನ ಬಾಲ ಸರ್ರನೆ ಪಕ್ಕಕ್ಕೆ! ಮುಂದೆ ಸಿಮೆಂಟಿನ ಗೋಡೆ ಕಂಡಿತು, ಮೂರು ಮಾರು ದೂರ. ಕಾಲು ತೆಗೆದೆ. ನಿಂತಿತು.

ಇಳಿದವಳೇ ಅಣ್ಣನ ಮೇಲೆ ಹರಿಹಾಯ್ದೆ. ಎಲ್ಲರೆದುರಿಗೆ. "ನೀನು ಸರಿಯಾಗಿ ಕೂರಿಸಿಲ್ಲ. ನನ್ನ ಜೀವದ ಜೊತೆ ಆಟ ಆಡ್ತಿದೀಯಾ?"

ಅವನು ಮೀಟರ್ ಇಟ್ಟ. ಬಲ 27, ಎಡ 22. "ಬಿಸಿಗೆ ಏರಿದ್ರೆ ಎರಡೂ ಏರ್ಬೇಕು. ನೀವೇ ತಪ್ಪು ಹಾಕಿದೀರಿ."

"ನಾನು ತಪ್ಪು ಅಳೆಯಲ್ಲ!"

"ಸರಿ ಮೇಡಂ. ಹಾಗಾದ್ರೆ ಬೇರೆ ಮೆಕ್ಯಾನಿಕ್ ನೋಡ್ಕೊಳ್ಳಿ." ಸ್ಪ್ಯಾನರುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದ. ಬೆನ್ನು ನೋಡುತ್ತ ನಿಂತೆ. ಒಂಬತ್ತು ವರ್ಷದ ಗೆಳೆತನ.


ಏಪ್ರಿಲ್ 2, ಬುಧವಾರ, ಬೆಳಿಗ್ಗೆ 6:10

ಹತ್ತು ದಿನ ಏನೂ ಬರೆದಿಲ್ಲ. ಕಾರು ತೆಗೆದಿಲ್ಲ. ಅಳೆದೂ ಇಲ್ಲ. ಈಗ ಬರೆಯಲೇಬೇಕು.

ನೀರು ಕುಡಿಯಲು ಅಡುಗೆಮನೆಗೆ ಹೋದೆ. ಹೊರಗೆ ಧಪ್, ಧಪ್ ಅಂತ ಸದ್ದು. ರಬ್ಬರಿಗೆ ಸುತ್ತಿಗೆ ತಾಗುವ ಸದ್ದು. ನನಗೆ ಹುಟ್ಟಿದಾಗಿನಿಂದ ಗೊತ್ತಿರುವ ಸದ್ದು.

ಕಿಟಕಿಯಿಂದ ನೋಡಿದೆ.

ಅಪ್ಪ. ಅಂಗಳದಲ್ಲಿ. ನಾಲ್ಕು ಮೆಟ್ಟಿಲು ಇಳಿದು! ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಾನೆ. ಎದುರಿಗೆ ಅವನ ಹಳೇ ಕೈಪಂಪು. ಬಲಗೈಯನ್ನು ಟವೆಲಿನಿಂದ ಪಂಪಿನ ಹಿಡಿಗೆ ಕಟ್ಟಿದೆ. ಎಡಗೈ ಒತ್ತುತ್ತದೆ, ಬಲಗೈ ಜೊತೆಗೆ ಹೋಗುತ್ತದೆ. ಮೇಲೆ, ಕೆಳಗೆ. ಹಿಂದೆ ಅತ್ತೆ, ಬೀಳದಂತೆ ಅವನ ಅಂಗಿ ಹಿಡಿದು ನಿಂತು, "ಹದಿಮೂರು... ಹದಿನಾಲ್ಕು... ಉಸಿರು ಬಿಡೋ... ಹದಿನೈದು..."

ಹೊರಗೆ ಹೋಗಲಿಲ್ಲ. ಇಲ್ಲಿ ಬಂದು ಕೂತು ಅಳುತ್ತಿದ್ದೇನೆ. ಕಾಗದ ಒದ್ದೆ.


ಅದೇ ದಿನ, ರಾತ್ರಿ ಊಟಕ್ಕೆ ಮೊದಲು

ಅಳೆದೆ. ಬಲ 33. ಎಡ 27. ಎಡ ಚಕ್ರ ಗೋಡೆಯ ಕಡೆಗಿದೆ. ಅಲ್ಲಿಗೆ ಹೋಗಬೇಕೆಂದರೆ ಕಾರನ್ನು ಸುತ್ತಿ ನಡೆಯಬೇಕು. ಅಂದರೆ ನಡೆದಿದ್ದಾನೆ.

ಅಡುಗೆಮನೆಯಲ್ಲಿ ಅತ್ತೆಯನ್ನು ಹಿಡಿದೆ. "ಏನತ್ತೆ, ನಮ್ಮ ಟವೆಲಿಗೆ ಗ್ರೀಸ್ ಹೇಗೆ ಬಂತು?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು. ಆಮೇಲೆ ಎಲ್ಲ ಹೊರಬಂತು.

"ನೀನು ಆ ಟೈರ್ ಹಾಕಿಸ್ಕೊಂಡು ಬಂದ ದಿನ, ಮಂಚದಲ್ಲೇ ಸದ್ದು ಕೇಳ್ದ. 'ಅಕ್ಕ, ಗಾಳಿ ಕಮ್ಮಿ' ಅಂದ. ಎಂಟು ತಿಂಗಳಿಗೆ ಅವನಾಗೇ ಆಡಿದ ಮೊದಲ ಮಾತು ಕಣೆ ಅದು. ಮಾರನೇ ದಿನ ಮತ್ತೆ. 'ಮಗು ಓಡಿಸೋ ಗಾಡಿ, ಗಾಳಿ ಕಮ್ಮಿ.' ಒಂದು ವಾರ ನನ್ನ ಪ್ರಾಣ ತಿಂದ. ಸರಿ ಬಾರೋ ಮಾರಾಯ ಅಂತ ಕೆಳಗೆ ಇಳಿಸಿದೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ? 'ಅಪ್ಪಾ ಹುಷಾರು, ಅಪ್ಪಾ ಬೀಳ್ತೀಯ' ಅಂತ ಮತ್ತೆ ಹೊದಿಕೆ ಹೊದಿಸಿ ಮಲಗಿಸ್ತಿದ್ದೆ."

ಮಾತು ಚುಚ್ಚಿತು. ನಿಜವಾದ್ದರಿಂದಲೇ ಚುಚ್ಚಿತು. ಎಂಟು ತಿಂಗಳಿಂದ ನೀರಿನ ಲೋಟವನ್ನೂ ಅಪ್ಪನ ಬಾಯಿಗೇ ಹಿಡಿದಿದ್ದೇನೆ.

ಈಗ ಸಮಸ್ಯೆ. ಗಾಳಿ ಸರಿಯಿದೆ, ಈ ಟೈರೇ ಹೀಗೆ ಅಂತ ಹೇಳಿದರೆ ಪಂಪು ನಿಲ್ಲುತ್ತದೆ, ಅಪ್ಪ ಮಂಚಕ್ಕೆ ವಾಪಸ್. ಹೇಳದಿದ್ದರೆ ದಿನಾ ತುಂಬುತ್ತಾನೆ.

ತುಂಬಲಿ. ನಾನು ಸಂಜೆ ಇಳಿಸುತ್ತೇನೆ.


ಏಪ್ರಿಲ್ 4, ಶುಕ್ರವಾರ
ಸಂಜೆ ಇಳಿಸಿದ್ದು: 22, 22. ಬೆಳಿಗ್ಗೆ: ಬಲ 25, ಎಡ 24

ಗ್ಯಾರೇಜಿಗೆ ಹೋದೆ. ಸ್ಪ್ಯಾನರ್ ಅಣ್ಣ ಯಾವುದೋ ವ್ಯಾನಿನ ಕೆಳಗೆ ಮಲಗಿದ್ದ. ಕಾಲು ಮಾತ್ರ ಕಾಣುತ್ತಿತ್ತು. ಆ ಕಾಲಿಗೇ ಕ್ಷಮೆ ಕೇಳಿದೆ. "ತಪ್ಪಾಯ್ತು ಅಣ್ಣ. ಎಲ್ಲರೆದುರಿಗೆ ಬೈದೆ. ನನ್ನಪ್ಪ ತುಂಬ್ತಿದ್ದ." ಪೂರ್ತಿ ಹೇಳಿದೆ.

ವ್ಯಾನಿನ ಕೆಳಗೆ ಸ್ಪ್ಯಾನರ್ ನೆಲಕ್ಕಿಟ್ಟ ಸದ್ದು. ಆಮೇಲೆ ಹೊರಗೆ ಜಾರಿ ಬಂದ. ಕಣ್ಣು ಕೆಂಪು, ಎಣ್ಣೆ ಬಿತ್ತು ಅಂದ.

"ಟೈರ್ ಗಾಳಿ ಗಳಿಸಲ್ಲ ಅಂದಿದ್ನಲ್ಲ ಮೇಡಂ, ಆ ಮಾತು ವಾಪಸ್ ತಗೊಂಡೆ."

ಸಂಜೆ ಎಷ್ಟು ಇಳಿಸಬೇಕು ಅಂತ ಅವನೇ ಹೇಳಿಕೊಟ್ಟ. 22ಕ್ಕಿಂತ ಕೆಳಗೆ ಬೇಡ, ಪಂಪು ಹೊಡೆಯುವವರಿಗೆ ಭಾರ.


ಏಪ್ರಿಲ್ 8, ಮಂಗಳವಾರ
ಬಲ 26, ಎಡ 25

ಫಿಸಿಯೋ ಹುಡುಗಿ ಅಪ್ಪನ ಕೈ ಹಿಡಿದು "ಒತ್ತಿ" ಅಂದಳು. ಒತ್ತಿದ. "ಅಯ್ಯೋ!" ಅಂದಳು. ನೋವಿನ ಅಯ್ಯೋ. ಮೂಗಿನ ಮೇಲೆ ಬೆರಳಿಟ್ಟುಕೊಂಡು ನನ್ನ ಕಡೆ ತಿರುಗಿ, "ಚೆಂಡು ಕೆಲಸ ಮಾಡ್ತಿದೆ ಅಲ್ವಾ?" ಅತ್ತೆ ಕೆಮ್ಮಿದರು. ಚೆಂಡು ಇನ್ನೂ ಮಂಚದ ಕೆಳಗೇ ಇದೆ.

ಬಾಗಿಲಲ್ಲಿ ಅವಳಿಗೆ ನಿಜ ಹೇಳಿದೆ. ಭುಜ ನೋಯದಂತೆ ಹೇಗೆ ಕೂರಬೇಕು ಅಂತ ಅತ್ತೆಗೆ ತೋರಿಸಿ ಹೋದಳು. ಈಗ ಕಳ್ಳರ ಗುಂಪಿನಲ್ಲಿ ನಾಲ್ಕು ಜನ.


ಏಪ್ರಿಲ್ 21, ಸೋಮವಾರ
ಬಲ 22, ಎಡ 22


ಏಪ್ರಿಲ್ 22
ಬಲ 22, ಎಡ 22

ಅಪ್ಪನಿಗೆ ಜ್ವರ. ನೂರಾ ಎರಡು.


ಏಪ್ರಿಲ್ 23
ಅದೇ.


ಏಪ್ರಿಲ್ 24
ಅದೇ. ಮುಖ ಮತ್ತೆ ಗೋಡೆಯ ಕಡೆ. ಗಾಳಿ ತುಂಬಿಸಿ ನಾನೇ ಹಾಳು ಮಾಡಿದೆನಾ? ಡಾಕ್ಟರು ಬರೀ ಗಂಟಲಿನ ಸೋಂಕು ಅಂದರು. ನಂಬಲು ಧೈರ್ಯ ಬರುತ್ತಿಲ್ಲ. ಲ್ಯಾಬಿನಲ್ಲಿ ಮೊದಲ ಸಲ ಒಂದು ಸೆಟ್ಟಿನಲ್ಲಿ ಬಾಚಿಹಲ್ಲು ತಲೆಕೆಳಗಾಗಿ ಕೂರಿಸಿದೆ.


ಏಪ್ರಿಲ್ 27, ಭಾನುವಾರ
ಬಲ 22½

ಅರ್ಧ! ಅರ್ಧ ಪಾಯಿಂಟ್! ಮೀಟರಿನ ಮುಳ್ಳನ್ನು ಮೂರು ಸಲ ನೋಡಿದೆ. ಅತ್ತೆ ಹೇಳಿದರು, ಹತ್ತೇ ಸಲ ಒತ್ತಿದನಂತೆ. ಬೇಡ ಅಂದರೂ ಕೇಳಲಿಲ್ಲವಂತೆ.

ಹಿಟ್ಟು ತರಲು ಹೋದವಳು ಅಂಗಡಿಯಲ್ಲಿ ಸುಮ್ಮಸುಮ್ಮನೆ ನಕ್ಕೆ. ಅಂಗಡಿಯವನೂ ನಕ್ಕ.


ಮೇ 6, ಮಂಗಳವಾರ

ಸಿಕ್ಕಿಬಿದ್ದೆ.

ಲ್ಯಾಬಿನಿಂದ ಬಂದಾಗ ಅಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಒಬ್ಬನೇ. ಅಂಗೈಯಲ್ಲಿ, ಬಲ ಅಂಗೈಯಲ್ಲಿ, ಟೈರಿನ ಎರಡು ವಾಲ್ವ್ ಮುಚ್ಚಳ. ಪಕ್ಕದಲ್ಲಿ ಕೂರು ಅನ್ನುವಂತೆ ತಲೆಯಾಡಿಸಿದ. ಕೂತೆ.

"ಎರಡೂ ಚಕ್ರದಲ್ಲಿ... ಒಂದೇ ಸಮ... ಗಾಳಿ ಇಳಿಯೋದು." ಒಂದೊಂದು ಪದಕ್ಕೂ ನಿಲ್ಲುತ್ತಾನೆ. ನಾನು ಪೂರ್ತಿ ಮಾಡಿಕೊಡಲಿಲ್ಲ, ನಾಲಿಗೆ ಕಚ್ಚಿ ಕಾದೆ. "ಮೂವತ್ತೊಂದು ವರ್ಷದಲ್ಲಿ... ನೋಡಿಲ್ಲ."

"ನಾನು ಇಳಿಸೋದು ಯಾವಾಗ ಗೊತ್ತಾಯ್ತಪ್ಪ?"

"ಎರಡನೇ ದಿನ."

ಚಾಪೆ ಕೆಳಗೆ ನಾನು ತೂರಿದರೆ ರಂಗೋಲಿ ಕೆಳಗೆ ಅಪ್ಪ ತೂರಿದ್ದಾನೆ!

"ಇದು ರೇಸಿನ ಟೈರು. ಗೋಡೆ ತೆಳು. ಮೇಲೆ ಬರೆದಿದೆ. ನಂಗೆ... ಓದಕ್ಕೆ ಬರುತ್ತೆ."

"ಗೊತ್ತಿದ್ದೂ ಯಾಕೆ ಹೊಡೀತಿದ್ದೆ ಮತ್ತೆ?"

ಅಪ್ಪ ಅಂಗಳ ನೋಡಿದ. ಬಾಯಿಯ ಎಡಗಡೆ ಮಾತ್ರ ನಕ್ಕಿತು. ಬಲಗಡೆಯೂ ಸ್ವಲ್ಪ, ತಡವಾಗಿ.

"ನೀನು ಇಳಿಸ್ತಿದ್ದೆಯಲ್ಲ ಮರಿ. ಬೇಜಾರ್ ಮಾಡ್ಕೋತೀಯ ಅಂತ."

ಅಷ್ಟು ಹೊತ್ತು ಇಬ್ಬರೂ ನಕ್ಕೆವು ಅಂದರೆ ಅತ್ತೆ ಸೌಟು ಹಿಡಿದು ಹೊರಗೆ ಬಂದರು. ಯಾರಿಗೆ ಏನಾಯಿತೋ ಅಂತ.

ಭಾನುವಾರ ರೇಸು ಅಂತ ಹೇಳಿದೆ. ಗಾಳಿ ಎಷ್ಟು ಅಂತ ಕೇಳಿದ. ಹದಿನೆಂಟು ಅಂದೆ. ಮುಖ ಹುಳಿ ಮಾಡಿಕೊಂಡ. ಬಸ್ಸಿಗೆ ನೂರಕ್ಕೂ ಮೇಲೆ ತುಂಬಿದ ಮನುಷ್ಯ, ಹದಿನೆಂಟು ಅಂದರೆ ಅವನಿಗೆ ಬಲೂನು.

ಒಂದು ಮಾತು ಮಾತ್ರ ಕೇಳಲಾಗಲಿಲ್ಲ. ಫಿಸಿಯೋ ಹುಡುಗಿ ಪೆನ್ನು ಹಿಡಿಸಿ ನೋಡಿ ಅಂದಿದ್ದಳು. ಊಟವಾದ ಮೇಲೆ ಪೆನ್ನು ಮುಂದಿಟ್ಟೆ. ಅಪ್ಪ ಅದನ್ನು ನೋಡಿದ. ಬಲಗೈ ಮೆಲ್ಲಗೆ ಲುಂಗಿಯ ಮಡಿಕೆಯೊಳಗೆ ಹೋಯಿತು. ಪೆನ್ನು ತೆಗೆದಿಟ್ಟೆ. ಇಂಕ್ ಪ್ಯಾಡ್ ಇನ್ನೂ ಅವನ ಕಣ್ಣಮುಂದೆ ಇದೆ.


ಮೇ 10, ಶನಿವಾರ

ಟೈರು ಅರ್ಧ ಸವೆದಿದೆ. ಎರಡೇ ತಿಂಗಳಿಗೆ! ಬೆಣ್ಣೆಯನ್ನು ಡಾಂಬರಿಗೆ ಉಜ್ಜಿದರೆ ಇನ್ನೇನಾಗುತ್ತದೆ. ಮುಂದಿನ ಜೊತೆ ತಾನೇ ಕೂರಿಸುತ್ತೇನೆ ಅಂತ ಅಪ್ಪ ಸ್ಪ್ಯಾನರ್ ಅಣ್ಣನಿಗೆ ಹೇಳಿದ. ಅಣ್ಣ "ಆಯ್ತು ಯಜಮಾನ್ರೆ" ಅಂದ. ಮುಂದಿನ ಜೊತೆ ಅನ್ನುವ ಮಾತು ಕೇಳಿ ನನಗೆ ಆದ ಖುಷಿ ಬರೆಯಲು ಬರುವುದಿಲ್ಲ.

ನಾಳೆ ಅತ್ತೆಯೂ ಬರುತ್ತಾರಂತೆ. "ಗುಜರಿ ಎಷ್ಟು ಓಡುತ್ತೆ ನೋಡೋಣ."


ಮೇ 11, ಭಾನುವಾರ, ಬೆಳಿಗ್ಗೆ 10:40, ಏರ್‌ಸ್ಟ್ರಿಪ್

ಕಾರಿನ ನೆರಳಲ್ಲಿ ಕೂತು ಬರೆಯುತ್ತಿದ್ದೇನೆ. ಮೊದಲ ರನ್ ಮುಗಿಯಿತು.

ಹೊರಡುವ ಮೊದಲು ಅಪ್ಪ ಸುತ್ತಿಗೆ ಕೇಳಿದ. ಅಣ್ಣ ಒಂದು ತೋಳು ಹಿಡಿದ. ಎಡ ಟೈರಿಗೆ ಧಪ್. ಸುತ್ತಿ ಬಂದು ಬಲ ಟೈರಿಗೆ ಧಪ್. ಸುತ್ತ ನಿಂತಿದ್ದ ರೇಸಿನವರು ಮೀಟರು, ಲ್ಯಾಪ್‌ಟಾಪು ಹಿಡಿದು ನೋಡುತ್ತಿದ್ದರು. "ಬಲಗಡೆ... ಒಂದು ಜಾಸ್ತಿ" ಅಂದ. ಅಣ್ಣ ಮೀಟರ್ ಇಟ್ಟ. ಎಡ 18, ಬಲ 19. ಒಬ್ಬ ಶಿಳ್ಳೆ ಹೊಡೆದ.

ಹಸಿರು. ಕ್ಲಚ್. ಈ ಸಲ ಎರಡೂ ಚಕ್ರ ಒಟ್ಟಿಗೆ ಕಚ್ಚಿದವು, ಬೆನ್ನು ಸೀಟಿಗೆ ಅಂಟಿತು, ಕಾರು ಗೆರೆ ಎಳೆದ ಹಾಗೆ ಹೋಯಿತು. 15.06!! ಒಂದು ಸೆಕೆಂಡಿಗೂ ಮೀರಿ ಇಳಿದಿದೆ. ವಾಪಸ್ ಬಂದಾಗ ಅತ್ತೆ ಕಿವಿಯಿಂದ ಹತ್ತಿ ತೆಗೆದು, "ಅಷ್ಟೇನಾ? ಇನ್ನೂ ಸ್ವಲ್ಪ ಒತ್ತಬಾರದಿತ್ತಾ?" ಅಂದರು.

ಹನ್ನೊಂದು ಗಂಟೆಗೆ ಎರಡನೇ ರನ್. ಹದಿನೈದರ ಒಳಗೆ ಬರಬೇಕು. ಅಪ್ಪ ಡಾಂಬರಿನ ಮೇಲೆ ಅಂಗೈ ಇಟ್ಟು ನೋಡಿ, "ಬಿಸಿಲು ಏರಿದೆ. ಹದಿನೇಳು ಮಾಡು" ಅಂದ. ಅಣ್ಣ ನನ್ನ ಮುಖ ನೋಡಿದ. ಅಪ್ಪ ಹೇಳಿದಷ್ಟು ಮಾಡು ಅಂದೆ. ಇಳಿಸುತ್ತಿದ್ದಾನೆ.

ಅಪ್ಪ ನನ್ನನ್ನೇ ನೋಡುತ್ತಿದ್ದಾನೆ. ಏನಪ್ಪ ಅಂದೆ.

"ಗಾಳಿ ಬದಲಾಯ್ಸಿದ್ರೆ... ರಿಜಿಸ್ಟರ್‌ನಲ್ಲಿ ಬರೀಬೇಕು. ಹೇಳಿದವನೇ ಬರೀಬೇಕು. ಅದು ರೂಲ್ಸು."

ಕೈ ಚಾಚಿದ್ದಾನೆ. ಬಲಗೈ.

ಈ ಪುಟ ಮಾತ್ರ ಅಪ್ಪ, ಹಿಂದಿನದು ತಿರುಗಿಸಬೇಡ ಅಂದೆ. ಮೈಕಿನಲ್ಲಿ ನನ್ನ ನಂಬರ್ ಕೂಗುತ್ತಿದ್ದಾರೆ. ಕೂಗಲಿ. ಪೆನ್ನು ಕೊಡುತ್ತಿದ್ದೇನೆ. ಕೆಳಗಿನದು ಅಪ್ಪನ ಕೈಬರಹ:

ಬಲ 17
ಎಡ 17